ತಗ್ಗಿನಲ್ಲಿ ಕಟ್ಟಿದ ತಂತಿ

ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸಾಗಿ ಲೈಸೆನ್ಸು ಕೈಗೆ ಬಂದವರು ನನಗೆ ಫೋನು ಮಾಡಿದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಮೇಡಂ, ಹೊರಗಡೆ ತಗೊಂಡು ಹೋಗಕ್ಕೆ ಯಾವ ಆಂಟೆನಾ ಒಳ್ಳೇದು?” ಪಾತ್ರೆ ಅಂಗಡಿಯಲ್ಲಿ ಕುಕ್ಕರು ಆರಿಸಿದಂತೆ ನಾನೊಂದು ಹೆಸರು ಹೇಳಿ ಮುಗಿಸಲಿ ಎಂಬ ಆಸೆ ಅವರ ದನಿಯಲ್ಲಿರುತ್ತದೆ. ನಾನು ಹೆಸರು ಹೇಳುವುದಿಲ್ಲ. “ಎಲ್ಲಿಗೆ ಹೊರಟಿದ್ದೀಯ? ಆ ಜಾಗದಲ್ಲಿ ಭಯ ಪಡಬೇಕಾದ್ದು ಯಾವುದಕ್ಕೆ?” ಎಂದು ತಿರುಗಿ ಕೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಮತ್ತೆ ಫೋನು ಮಾಡುವುದಿಲ್ಲ. ಹಾಗೆ ಫೋನು ಮಾಡದೆ ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸರ್ವಮಂಗಳ. ಊರು ಮಾಗಡಿ. ರಾಮನಗರ, ಚನ್ನಪಟ್ಟಣ, ಕನಕಪುರ ಎಂದು ಇದೇ ಸುತ್ತಿನಲ್ಲಿ ಸರ್ಕಾರಿ ವೈರ್‌ಲೆಸ್ ಆಪರೇಟರಾಗಿ ದುಡಿದು ನಿವೃತ್ತಳಾದವಳು. ಕೆಲಸ ಬಿಟ್ಟರೂ ಕಿವಿ ಕೆಲಸ ಬಿಡಲಿಲ್ಲ. ಮನೆಯಲ್ಲಿ ಮಿಕ್ಸಿ ನಿಂತರೆ, ಫ್ಯಾನು ನಿಂತರೆ, ಆ ಮೌನದಲ್ಲಿ ಯಾರೋ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಗಾಗಿ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು ಸ್ವಂತಕ್ಕೊಂದು ಸ್ಟೇಷನ್ ಇಟ್ಟುಕೊಂಡೆ. ಟಿಫನ್ ಡಬ್ಬಿಯಷ್ಟು ಗಾತ್ರದ ರೇಡಿಯೊ, ಒಂದು ಬ್ಯಾಟರಿ, ಒಂದಿಷ್ಟು ತಂತಿ. ಮೊಬೈಲು ಟವರ್ರು ಏನೂ ಬೇಡ. ಆ ತಂತಿಯನ್ನು ಹೇಗೆ ಕಟ್ಟುತ್ತೀರಿ, ಎಷ್ಟು ಎತ್ತರಕ್ಕೆ ಕಟ್ಟುತ್ತೀರಿ ಎನ್ನುವುದರ ಮೇಲೆ ನಿಮ್ಮ ಮಾತು ಎಲ್ಲಿಗೆ ತಲುಪುತ್ತದೆ ಎಂಬುದು ನಿಂತಿದೆ.

ನಾನು ಧೈರ್ಯದ ಹೆಂಗಸಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂತು ಒಂದು ಠಾಣೆಯನ್ನು ಕರೆದಾಗ ಉತ್ತರ ಬರದಿದ್ದರೆ ಹೆದರಿ ಮತ್ತೆ ಮತ್ತೆ ಕರೆಯುತ್ತಿದ್ದೆ. ಎದುರಿನವನು ಚಹಾ ಕುಡಿಯಲು ಎದ್ದು ಹೋಗಿರಬಹುದು. ಅಥವಾ ಇನ್ನೇನಾದರೂ ಆಗಿರಬಹುದು. ರೇಡಿಯೊದ ‘ಸೊಂಯ್’ ಎನ್ನುವ ಆ ಸದ್ದು ಯಾವುದನ್ನೂ ಹೇಳುವುದಿಲ್ಲ. ಸರ್ವೀಸು ಪೂರ್ತಿ ಅದಕ್ಕೆ ಹೊಂದಿಕೊಂಡೆನೇ ಹೊರತು ಅದರ ಭಯ ಬಿಡಲಿಲ್ಲ.

ಆಗ ನಮ್ಮ ಮೇಲಿದ್ದವರು ಸಿದ್ದೇಗೌಡರು. ಕಡಿಮೆ ಮಾತಿನ ಮನುಷ್ಯ. ಸಿಟ್ಟು ಬಂದರೆ ಮಾತು ಇನ್ನೂ ಕಡಿಮೆಯಾಗುತ್ತಿತ್ತು. ಬಂದೋಬಸ್ತಿಗೋ ಮತ್ತೊಂದಕ್ಕೋ ಹಳ್ಳಿಯ ಕಡೆ ತಾತ್ಕಾಲಿಕ ಸ್ಟೇಷನ್ ಹಾಕಬೇಕಾದಾಗ ಅವರೂ ಬರುತ್ತಿದ್ದರು. ವ್ಯಾನು ನಿಂತ ಕೂಡಲೇ ನಾವು ಸಾಮಾನು ಇಳಿಸಲು ಧಾವಿಸಿದರೆ, ಅವರು ಕೈಕಟ್ಟಿಕೊಂಡು ಆಕಾಶ ನೋಡುತ್ತ ಒಂದು ಸುತ್ತು ನಡೆದು ಬರುತ್ತಿದ್ದರು. ಅದೇನು ಶಾಸ್ತ್ರವೋ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಮರಳವಾಡಿಯ ಹತ್ತಿರ ಒಂದು ಮಧ್ಯಾಹ್ನ ಆ ನಗು ನಿಂತಿತು.

ರಸ್ತೆ ಬದಿಯ ಹುಣಸೆ ಮರಕ್ಕೆ ತಂತಿ ಏರಿಸಬೇಕಿತ್ತು. ಜೊತೆಯ ಆಪರೇಟರ್ ಪುಟ್ಟಸ್ವಾಮಿ ಗುರಿ ಹೊಡೆಯುವುದರಲ್ಲಿ ಹುಷಾರು. ದಾರದ ತುದಿಗೆ ಕಲ್ಲು ಕಟ್ಟಿ, ದಾರದ ಹಿಂದೆಯೇ ತಾಮ್ರದ ತಂತಿ ಗಂಟು ಹಾಕಿ, ತಿರುಗಿಸಿ ಎಸೆದ. ಕಲ್ಲು ಕೊಂಬೆ ದಾಟಿತು. ಅಲ್ಲಿಗೆ ನಿಲ್ಲಲಿಲ್ಲ. ಮರದ ಆ ಬದಿಯಲ್ಲಿ, ಎಲೆಗಳ ಮರೆಯಲ್ಲಿ, ಹೊಲಗಳಿಗೆ ಹೋಗುವ ಕರೆಂಟಿನ ಲೈನು ಇದ್ದದ್ದು ನಮಗೆ ಕಂಡಿರಲಿಲ್ಲ. ಕಲ್ಲು ಅದನ್ನೂ ದಾಟಿ ಆಚೆ ಜೋತುಬಿದ್ದಿತ್ತು. ಸಿದ್ದೇಗೌಡರು ಇನ್ನೂ ತಮ್ಮ ಸುತ್ತು ಮುಗಿಸಿರಲಿಲ್ಲ. ಮರದ ಆಚೆ ಬದಿಯಿಂದ ಅವರ ದನಿ ಬಂತು. ಕೂಗಲಿಲ್ಲ. ಮಲಗಿದ ಮಗುವನ್ನು ಎಬ್ಬಿಸದಂತೆ ಮಾತಾಡಿದಂತಿತ್ತು.

“ಪುಟ್ಟಸ್ವಾಮಿ, ಕೈ ಬುಡು. ಎಳೀಬ್ಯಾಡ. ಕೈ ಬುಟ್ಬುಟ್ಟು ಹಿಂದುಕ್ಕೆ ಬಾ.”

ಅವನು ಬಿಟ್ಟ. ಕಲ್ಲಿನ ಭಾರಕ್ಕೆ ದಾರ ಸರಸರನೆ ಆ ಕಡೆಗೆ ಎಳೆದುಕೊಂಡು ಹೋಯಿತು, ಅದರ ಹಿಂದೆ ತಂತಿಯೂ ಹೋಯಿತು. ನೀಲಿ ಬೆಳಕು ಒಮ್ಮೆ ಕಂಡಿತು. ಬಡಿದ ಸದ್ದು ಎದೆಗೇ ಬಡಿದಂತಾಯಿತು. ಹುಣಸೆ ಎಲೆಗಳು ಉರಿದು ಉದುರಿದವು. ನಾವು ಎಸೆದ ತಂತಿಯ ತುಂಡು ನೆಲದ ಮೇಲೆ ಕಪ್ಪಾಗಿ ಬಿದ್ದಿತ್ತು, ಪುಟ್ಟಸ್ವಾಮಿ ನಿಂತಿದ್ದ ಜಾಗದಲ್ಲೇ.

ಪುಟ್ಟಸ್ವಾಮಿ ತನ್ನ ಅಂಗೈ ನೋಡಿಕೊಳ್ಳುತ್ತಲೇ ಇದ್ದ. ಸಿದ್ದೇಗೌಡರು ಬೈಯುತ್ತಾರೆ ಎಂದು ಕಾದೆವು. ಅವರು ಬಂದು ಮರದ ಬುಡದಲ್ಲಿ ಕೂತರು. ಕೂತರು ಅನ್ನುವುದಕ್ಕಿಂತ ಕುಸಿದರು.

“ನಮ್ಮಣ್ಣ ಲೈನ್‌ಮನ್ ಆಗಿದ್ದ ಕಣಮ್ಮ ಮಂಗಳ,” ಎಂದರು ನನ್ನ ಕಡೆ ನೋಡದೆ. “ಕಂಬದ್ ಮೇಲಿಂದ ನಾವೇ ಇಳುಸ್ಕಂಡೊ.”

ಅವರು ಆಕಾಶ ನೋಡಿಕೊಂಡು ಸುತ್ತುತ್ತಿದ್ದುದು ಯಾಕೆಂದು ಅವತ್ತು ತಿಳಿಯಿತು. ಅದಾದ ಮೇಲೆ ನಾನು ಎಲ್ಲಿಗೆ ಹೋದರೂ ಚೀಲದಿಂದ ತಂತಿ ತೆಗೆಯುವ ಮೊದಲು ಮರದ ನಾಲ್ಕೂ ಬದಿಗೆ ಹೋಗಿ ಮೇಲೆ ನೋಡಿ ಬರುತ್ತೇನೆ. ಒಂದೇ ಬದಿಯಿಂದ ನೋಡಿದರೆ ಸಾಲದು. ಎಲೆ ಬಹಳ ಮರೆಮಾಡುತ್ತದೆ. ನನ್ನ ಹತ್ತಿರ ಕಲಿಯಲು ಬರುವವರಿಗೂ ಮೊದಲ ದಿನ ರೇಡಿಯೊ ಮುಟ್ಟಿಸುವುದಿಲ್ಲ, ನಡೆಸುತ್ತೇನೆ.

ಆಗಿನ ಕಾಲಕ್ಕೂ ಈಗಿನದಕ್ಕೂ ಕೆಲಸದ ರೀತಿ ಪೂರಾ ಬದಲಾಗಿದೆ. ಆಗ ಕಬ್ಬಿಣದ ಕಂಬ, ಎತ್ತಲು ನಾಲ್ಕು ಆಳು, ವ್ಯಾನಿನ ತುಂಬ ಬ್ಯಾಟರಿ. ಈಗ ಎಲ್ಲವೂ ಒಬ್ಬ ಹೆಣ್ಣುಮಗಳ ಬೆನ್ನ ಚೀಲದಲ್ಲಿ ಹಿಡಿಸುತ್ತದೆ. ಹಗುರವಾದಷ್ಟೂ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನಿಸುತ್ತದೆ. ಹೋಗಬಾರದ ಕಡೆಗೂ ಹೋಗುತ್ತೇವೆ. ಹಾಗೆ ನಾನೂ ಕಾವ್ಯಳೂ ಮಾಗಡಿ ಕಡೆಯ ಬೋಳು ಬಂಡೆ ಬೆಟ್ಟವೊಂದನ್ನು ಹತ್ತಿದ್ದೆವು.

ಕಾವ್ಯ ಚನ್ನಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನನ್ನ ಹತ್ತಿರ ಬರುವವರಲ್ಲೆಲ್ಲ ಹಟಮಾರಿ. ಅವಳಿಗೆ ದೂರದವರ ಜೊತೆ ಮಾತಾಡುವ ಹುಚ್ಚು. ತನ್ನ ಕೈಯಾರೆ ಮಾಡಿಕೊಂಡ ಉದ್ದನೆಯ ತಂತಿಯೊಂದಿತ್ತು. ಅದರ ಒಂದು ತುದಿಗೆ ರೇಡಿಯೊ, ಇನ್ನೊಂದು ತುದಿ ಎತ್ತರಕ್ಕೆ ಏರಿದರೆ ಮುಗಿಯಿತು. ಒಂದೇ ಆಸರೆ ಸಾಕು, ಒಬ್ಬರೇ ಕಟ್ಟಬಹುದು, ಅದಕ್ಕೇ ಹೊಸಬರಿಗೆಲ್ಲ ಅದರ ಮೇಲೆ ಪ್ರೀತಿ. ಬಂಡೆಯ ಮೇಲೆ ಮರವಿಲ್ಲದ್ದರಿಂದ ಅವಳು ಗಾಳದ ಕೋಲಿನಂತೆ ಒಂದರೊಳಗೊಂದು ಸೇರುವ ಫೈಬರ್ ಕೋಲು ತಂದಿದ್ದಳು. ಅದನ್ನು ಬಂಡೆಯ ನೆತ್ತಿಯಲ್ಲಿ ನಿಲ್ಲಿಸಿ ಕಲ್ಲು ಒತ್ತಿಟ್ಟೆವು. ಕೇಳಲು ಕೂತರೆ ಎಲ್ಲೆಲ್ಲಿಯ ದನಿಗಳು. ಅವಳ ಮುಖ ನೋಡಿ ನನಗೂ ಖುಷಿಯಾಗಿತ್ತು.

ಪಡುವಣದಲ್ಲಿ ಮೋಡ ಇತ್ತು. ಇನ್ನೂ ದೂರ ಇದೆ ಅಂದುಕೊಂಡೆವು. ಗುಡುಗು ಕೂಡ ಕೇಳುತ್ತಿರಲಿಲ್ಲ. ಕಾವ್ಯ ಕರೆಯುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು.

“ಮೇಡಂ, ಏನೋ ಸದ್ದು ಬರ್ತಾ ಐತೆ. ರೇಡಿಯೊ ಒಳಗಲ್ಲ, ತಂತಿಯಿಂದ.”

ಕಿವಿಗೊಟ್ಟೆ. ತಂತಿ ರೇಡಿಯೊಗೆ ಸೇರುವ ಕಡೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಅನ್ನುತ್ತಿತ್ತು. ಬಿಚ್ಚಲೆಂದು ಕೈ ಚಾಚಿದಳು. ಬೆರಳಿಗೂ ತಂತಿಗೂ ನಡುವೆ ಕಿಡಿ ಹಾರಿತು. ಕೈ ಹಿಂದೆಗೆದುಕೊಂಡಳು. ಆಗ ಅವಳ ತಲೆ ನೋಡಿದೆ. ಜಡೆಯಿಂದ ಬಿಚ್ಚಿಕೊಂಡಿದ್ದ ಸಣ್ಣ ಕೂದಲೆಲ್ಲ ನೆಟ್ಟಗೆ ನಿಂತಿತ್ತು. ನನ್ನ ತೋಳಿನ ರೋಮವೂ ನಿಂತಿತ್ತು.

“ಎದ್ದೇಳು. ಹಾಗೇ ಬಿಟ್ಟು ನಡಿ.”

“ರೇಡಿಯೊ, ಮೇಡಂ...”

“ಇರ್ಲಿ. ನಡಿ ಅಂದೆ.”

ಬಂಡೆಯ ಮೇಲೆ ಓಡಲಾಗದು, ಜಾರುತ್ತದೆ. ಕೂತು ಕೂತು, ಅಂಗೈ ಊರಿಕೊಂಡು ಇಳಿದೆವು. ನಿಂತರೆ ಆ ಬಯಲಿನಲ್ಲಿ ನಾವೇ ಎತ್ತರ. ಬೆನ್ನ ಹಿಂದೆ ಯಾರೋ ಕೈ ಎತ್ತಿ ಹೊಡೆಯಲು ನಿಂತಿದ್ದಾರೆ, ಇನ್ನೂ ಹೊಡೆದಿಲ್ಲ ಎಂಬಂತಹ ಭಯ. ಕೆಳಗಿನ ಕುರುಚಲು ಗಿಡಗಳ ತಗ್ಗಿಗೆ ಬಂದು ಕುಕ್ಕರಗಾಲಲ್ಲಿ ಮುದುಡಿ ಕೂತಾಗ ಮೇಲೆ ಬಂಡೆಗೆ ಸಿಡಿಲು ಬಿತ್ತು. ಕಣ್ಣು ಮುಚ್ಚಿದ್ದರೂ ರೆಪ್ಪೆಯೊಳಗೆಲ್ಲ ಬೆಳ್ಳಗಾಯಿತು. ಕಿವಿ ಮುಚ್ಚಿಹೋದವು. ಕಾವ್ಯ ನನ್ನ ಸೆರಗು ಹಿಡಿದಿದ್ದಳು. ನಾನು ಯಾವುದನ್ನು ಹಿಡಿದಿದ್ದೆನೋ ನೆನಪಿಲ್ಲ.

ಮಳೆ ಪೂರ್ತಿ ನಿಂತು ಆಕಾಶ ತಿಳಿಯಾದ ಮೇಲೆ ಹತ್ತಿ ನೋಡಿದೆವು. ಕೋಲು ಬಿದಿರು ಸೀಳಿದಂತೆ ಉದ್ದಕ್ಕೆ ಸೀಳಿತ್ತು. ತಂತಿಯ ಗುರುತೇ ಇರಲಿಲ್ಲ, ರೇಡಿಯೊ ಕರಕಲಾಗಿತ್ತು. ಕೂತಿದ್ದ ಚಾಪೆ ಸುಟ್ಟ ವಾಸನೆ ಹೊಡೆಯುತ್ತಿತ್ತು. ಕಾವ್ಯ ಆ ಚಾಪೆಯನ್ನೇ ನೋಡುತ್ತ ನಿಂತಳು.

ಆಮೇಲೆ ಅವಳು ಬಹಳ ಕಾಲ ನಮ್ಮ ಜೊತೆ ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಒಂದು ಭಾನುವಾರ ತಾನೇ ಮನೆಗೆ ಬಂದಳು. “ಭಯ ಹೋಗ್ಲಿ ಅಂತ ಕಾಯ್ತಿದ್ದೆ ಮೇಡಂ. ಅದು ಹೋಗೋ ಹಂಗೆ ಕಾಣ್ಸಲ್ಲ. ಇಟ್ಕೊಂಡೇ ಬತ್ತೀನಿ,” ಎಂದಳು. ಅವಳಿಗೆ ನಾನು ಮಾಡಿಕೊಟ್ಟದ್ದು ಇನ್ನೊಂದು ಬಗೆಯ ತಂತಿ. ನಡುವೆ ರೇಡಿಯೊಗೆ ಹೋಗುವ ಕೇಬಲ್ಲು, ಅದರ ಎರಡೂ ಕಡೆಗೆ ಎರಡು ಕೈ, ಒಂದೊಂದು ಕೈ ಹತ್ತು ಮೀಟರಿನಷ್ಟು. ಡೈಪೋಲ್ ಅನ್ನುತ್ತಾರೆ. ಕಟ್ಟಲು ಇಬ್ಬರಿದ್ದರೆ ಸುಲಭ, ಜಾಗ ಹೆಚ್ಚು ಬೇಕು, ನೋಡಲು ಬಟ್ಟೆ ಒಣಗಿಸುವ ಹಗ್ಗದಂತೆ. ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. ಆದರೂ ಸುತ್ತಿಟ್ಟುಕೊಂಡಳು.

ಇದಾದ ಮೇಲೆ ನಡೆದದ್ದನ್ನು ಹೇಳಲೆಂದೇ ಇಷ್ಟು ಹೇಳಿದೆ.

ಕನಕಪುರದ ಆಚೆ, ಕಾವೇರಿಯ ಕಡೆಗೆ ಇಳಿಯುವ ಕಾಡಂಚಿನಲ್ಲಿ ರಾಗಿ ಹೊಲಗಳಿಗೆ ಆನೆ ಬೀಳುತ್ತಿದ್ದವು. ಅವನ್ನು ಒಳಗಿನ ಕಾಡಿಗೆ ಓಡಿಸುವ ಕೆಲಸ ಅರಣ್ಯದವರದು. ಆ ಕಣಿವೆಯಲ್ಲಿ ಮೊಬೈಲು ಹಿಡಿಯುವುದಿಲ್ಲ. ಅವರ ಕೈಯಲ್ಲಿರುವ ವಾಕಿಟಾಕಿಗಳ ಮಾತು ನಡುವೆ ಗುಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮಂಥವರು ಒಂದು ಕಡೆ ರೇಡಿಯೊ ಇಟ್ಟುಕೊಂಡು ಕೂತರೆ ಅನುಕೂಲ ಎಂದು ಕೇಳಿದರು. ನಾನೂ ಕಾವ್ಯಳೂ ಹೋದೆವು. ಆನೆಗಳು ಹೋಗುವ ದಾರಿಗೆ ದೂರವಾದ ಹಳ್ಳದ ಪಕ್ಕದ ಜಾಗವನ್ನು ನಮಗೆ ತೋರಿಸಿ, ಕಾವಲಿಗೆ ಮಾದಯ್ಯ ಎಂಬ ವಾಚರನ್ನು ಬಿಟ್ಟು, ಉಳಿದವರೆಲ್ಲ ಜೀಪಿನಲ್ಲಿ ಗುಡ್ಡದ ಆಚೆಗೆ ಹೋದರು.

ಮಾದಯ್ಯನಿಗೆ ನಲವತ್ತರ ಆಚೀಚೆ ಇರಬಹುದು. ಸಣ್ಣ ಆಳು. ನನ್ನನ್ನು ‘ಅಕ್ಕ’ ಎಂದೂ ಕಾವ್ಯಳನ್ನು ‘ಟೀಚರಮ್ಮ’ ಎಂದೂ ಕರೆಯುತ್ತ ನಮ್ಮ ಬುತ್ತಿಯ ಚಿತ್ರಾನ್ನ ತಿಂದ. “ಇಲ್ಲೀಗಂಟ ಬರಾಕಿಲ್ಲ ಅಕ್ಕ, ಹೆದ್ರುಕೊಬ್ಯಾಡಿ,” ಎಂದ. ಆಮೇಲೆ ನೀರಿನ ಕ್ಯಾನು ಹಿಡಿದು ಹಳ್ಳಕ್ಕೆ ಇಳಿದ. ನಾವು ಇನ್ನೂ ಸಾಮಾನು ಬಿಚ್ಚಿರಲಿಲ್ಲ.

ಗುಂಪಿನ ಜೊತೆ ಹೋಗದೆ ಒಂಟಿ ಸಲಗವೊಂದು ಹಿಂದೆ ಉಳಿದಿತ್ತು. ಅದು ನಮಗೆ ಆಮೇಲೆ ಗೊತ್ತಾದದ್ದು. ಆಗ ಕೇಳಿದ್ದು ಕೊಂಬೆ ಮುರಿದ ಸದ್ದು, ಮಾದಯ್ಯ “ಓಯ್” ಎಂದು ಅರ್ಧ ಕೂಗಿದ್ದು, ಆಮೇಲೆ ಏನೂ ಇಲ್ಲ. ಕಾಡೆಲ್ಲ ಉಸಿರು ಹಿಡಿದಂತಿತ್ತು. ಹಳ್ಳದ ದಂಡೆಯ ಮೇಲೆ ಮೊದಲು ಒಂದು ಕೈ ಕಾಣಿಸಿತು. ಅವನು ತೆವಳಿಕೊಂಡು ಬರುತ್ತಿದ್ದ. ನಾವಿಬ್ಬರೂ ಅವನ ಕಂಕುಳಿಗೆ ಕೈ ಹಾಕಿ, ಆನೆ ನುಗ್ಗಲಾಗದಂತಹ ಎರಡು ಬಂಡೆಗಳ ಸಂದಿಗೆ ಎಳೆದು ತಂದೆವು. ಮೊಣಕಾಲ ಕೆಳಗೆ ಕಾಲು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಕಾವ್ಯ ತನ್ನ ದುಪಟ್ಟಾ ತೆಗೆದು ತೊಡೆಗೆ ಬಿಗಿದಳು. ರಕ್ತ ಸುರಿಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

“ಬಿದುರು ಮೆಳೇಲಿ ಅದೆ,” ಎಂದ ಮಾದಯ್ಯ ಹಲ್ಲು ಕಚ್ಚಿಕೊಂಡು. “ಹೋಗಿಲ್ಲ. ಸದ್ದು ಮಾಡ್ಬ್ಯಾಡಿ.”

ಅವನ ವಾಕಿಟಾಕಿಯಲ್ಲಿ ಕರೆದೆ. ಬರೀ ‘ಸೊಂಯ್’. ಮತ್ತೆ ಕರೆದೆ. ಅದೇ.

ಕಾವ್ಯ ಆಗಲೇ ಚೀಲದಿಂದ ತನ್ನ ಉದ್ದನೆಯ ತಂತಿ ತೆಗೆದಿದ್ದಳು. ಹೊಸದಾಗಿ ಮಾಡಿಕೊಂಡದ್ದು. ಹಳ್ಳದ ಪಕ್ಕ ಎತ್ತರದ ದಿಂಡಿಗದ ಮರವಿತ್ತು. ಅದನ್ನು ತೋರಿಸಿ ನನ್ನ ಕಿವಿಯ ಹತ್ತಿರ, “ಅದರ ತುದಿಗೆ ಏರಿಸಿದ್ರೆ ಎಲ್ಲಿಗೆ ಬೇಕಾದ್ರೂ ಹೋಗುತ್ತೆ ಮೇಡಂ,” ಎಂದಳು.

“ಎಲ್ಲಿಗೆ ಬೇಕಾದ್ರೂ ಬೇಡ ಕಣೆ. ಈ ಗುಡ್ಡದ ಆಚೆಗೆ ಹೋದ್ರೆ ಸಾಕು. ಡೈಪೋಲ್ ತೆಗಿ.”

“ಅದನ್ನ ಎಲ್ಲಿ ಏರಿಸ್ತೀರ?”

“ಏರಿಸೋದಿಲ್ಲ. ಆಳೆತ್ತರಕ್ಕೆ ಗಿಡಕ್ಕೆ ಕಟ್ಟೋದು.”

ಅವಳು ನನ್ನ ಮುಖ ನೋಡಿದಳು. ಓದಿದವರೆಲ್ಲ ಎತ್ತರ ಎತ್ತರ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಎತ್ತರದ ತಂತಿಯಿಂದ ಹೊರಟ ಮಾತು ತಗ್ಗಾಗಿ ಹೊರಟು ದೂರ ಹೋಗಿ ಬೀಳುತ್ತದೆ, ಹತ್ತಿರದ ಊರುಗಳ ತಲೆಯ ಮೇಲೆ ಹಾದು. ನೆಲಕ್ಕೆ ಹತ್ತಿರ ಕಟ್ಟಿದರೆ ಅದು ನೆಟ್ಟಗೆ ಮೇಲಕ್ಕೆ ಹೋಗಿ, ಆಕಾಶಕ್ಕೆ ತಾಗಿ, ವಾಪಸು ಇಳಿಯುತ್ತದೆ. ತೋಟದಲ್ಲಿ ಪೈಪಿನ ಬಾಯಿ ಮೇಲಕ್ಕೆ ಹಿಡಿದರೆ ನೀರು ನಮ್ಮ ಸುತ್ತಲೇ ಬೀಳುವುದಿಲ್ಲವೇ, ಹಾಗೆ. ನಡುವೆ ಗುಡ್ಡವಿದ್ದರೂ ಅಡ್ಡಿಯಿಲ್ಲ. ಇದನ್ನೆಲ್ಲ ವಿವರಿಸುವ ಹೊತ್ತು ಅದಲ್ಲ. ಇನ್ನೊಂದು ಮಾತೂ ಇತ್ತು. ಆ ಮರಕ್ಕೆ ತಂತಿ ಏರಿಸಬೇಕಾದರೆ ಬಯಲಿಗೆ ಹೋಗಿ ಕಲ್ಲೆಸೆಯಬೇಕು. ಒಂದೇ ಎಸೆತಕ್ಕೆ ಕೂರುತ್ತದೆ ಎಂದೇನಿಲ್ಲ. ಬೀಳುವ ಪ್ರತಿ ಕಲ್ಲೂ ಸದ್ದು ಮಾಡುತ್ತದೆ.

ಡೈಪೋಲಿನ ನಡುಭಾಗವನ್ನು ಬಂಡೆಯ ಪಕ್ಕದ ಗಿಡದ ಕವಲಿಗೆ ಸಿಕ್ಕಿಸಿದೆ. ಒಂದು ಕೈ ಗುಡ್ಡದ ಕಡೆಗೆ. ಅದನ್ನು ನಾನೇ ಬಗ್ಗಿಕೊಂಡು ಹೋಗಿ ಕಟ್ಟಿ ಬಂದೆ. ಇನ್ನೊಂದು ಕೈ ಹೋಗಬೇಕಾದ ದಿಕ್ಕಿನಲ್ಲಿ ಬಿದಿರು ಮೆಳೆ. ಬೇರೆ ಕಡೆಗೆ ತಿರುಗಿಸೋಣವೆಂದರೆ ಬಂಡೆ ಅಡ್ಡ.

ತುದಿ ಹಿಡಿದು ಏಳಲು ಹೋದೆ. ಕಾವ್ಯ ನನ್ನ ಕೈಯಿಂದ ತೆಗೆದುಕೊಂಡಳು. “ನಿಮ್ಮ ಮಂಡಿ ಲಟಲಟ ಅಂತದೆ ಮೇಡಂ. ನಾನು ಹೋಯ್ತೀನಿ.” ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಹೊರಟಳು.

ನನ್ನ ಬೆರಳುಗಳ ನಡುವೆ ತಂತಿ ಬಿಚ್ಚಿಕೊಳ್ಳುತ್ತ ಹೋಯಿತು. ನಾಲ್ಕು ಹೆಜ್ಜೆಗೆ ಅವಳು ಗಿಡಗಳ ಮರೆಯಾದಳು. ಆಮೇಲೆ ಅವಳು ಇದ್ದಾಳೆ ಎಂಬುದಕ್ಕೆ ನನಗಿದ್ದ ಗುರುತು ತಂತಿಯ ಎಳೆತ ಒಂದೇ. ಎಳೆಯಿತು, ನಿಂತಿತು, ಎಳೆಯಿತು. ಮೆಳೆಯೊಳಗೆ ಬಿದಿರು ಲಟಾರೆಂದು ಮುರಿಯಿತು. ತಂತಿ ನಿಂತಿತು. ಎಳೆಯಲಿಲ್ಲ. ಕರೆಯುವ ಹಾಗಿಲ್ಲ. ನಾನು ಎಳೆದು ನೋಡುವ ಹಾಗೂ ಇಲ್ಲ. ಮಾದಯ್ಯ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಎಷ್ಟು ಹೊತ್ತೋ. ಆಮೇಲೆ ತಂತಿ ಮೆಲ್ಲಗೆ ಬಿಗಿಯಾಯಿತು, ಗಂಟು ಬಿದ್ದಂತೆ ಎರಡು ಸಲ ಅದುರಿತು. ಕಾವ್ಯ ವಾಪಸು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

“ನನ್ನ ನೋಡ್ತು,” ಎಂದಳಷ್ಟೇ.

ಕಿವಿಗೆ ಇಯರ್‌ಫೋನು ಸಿಕ್ಕಿಸಿ ರೇಡಿಯೊ ಹಾಕಿದೆ. ಮಧ್ಯಾಹ್ನದ ಹೊತ್ತು ಮೈಸೂರಿನ ಹಿರಿಯರೊಬ್ಬರು ಒಂದೇ ಫ್ರೀಕ್ವೆನ್ಸಿಯಲ್ಲಿ ಕಾಯುತ್ತ, ಬಂದವರನ್ನೆಲ್ಲ ಮಾತಾಡಿಸುತ್ತ ಇರುವುದು ನನಗೆ ಗೊತ್ತಿತ್ತು. ಅವರು ಇದ್ದರು. ಪಕ್ಕದಲ್ಲೇ ಕೂತಂತೆ ಸ್ಪಷ್ಟವಾಗಿ ಕೇಳಿತು. ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿ ನನ್ನ ಕರೆ-ಹೆಸರು ಹೇಳಿದೆ.

“ಯಾರೋ ತುಂಬ ಕ್ಷೀಣವಾಗಿ ಕರೀತಿದ್ದೀರಿ,” ಎಂದರು ಅವರು. “ಅರ್ಥವಾಗ್ತಿಲ್ಲ. ದಯವಿಟ್ಟು ಸ್ವಲ್ಪ ಜೋರಾಗಿ ಮಾತಾಡಿ.”

ಮೆಳೆಯಿಂದ ಆನೆ ಹೊರಗೆ ಬಂದಿತ್ತು. ಕಾಣುತ್ತಿರಲಿಲ್ಲ. ಅದರ ಹೊಟ್ಟೆಯ ಗುಡುಗುಡು ಕೇಳುತ್ತಿತ್ತು, ಮೂಗಿಗೆ ವಾಸನೆ ಬರುತ್ತಿತ್ತು. ಮತ್ತೆ ಪಿಸುಗುಟ್ಟಿದೆ. “ಇಲ್ಲ, ಕೇಳ್ತಿಲ್ಲ. ಜೋರಾಗಿ,” ಎಂದರು. ಎಂಬತ್ತು ಕಿಲೋಮೀಟರ್ ಆಚೆಗಿನ ಒಬ್ಬ ಮನುಷ್ಯ ನನಗಾಗಿ ಕಿವಿ ಚಾಚಿ ಕೂತಿದ್ದಾರೆ, ನಾನು ದನಿ ಎತ್ತುವಂತಿಲ್ಲ. ಸರ್ವೀಸಿನ ಉದ್ದಕ್ಕೂ ಉತ್ತರ ಬರದೆ ಹೆದರಿದ್ದವಳು ನಾನು. ಉತ್ತರ ಬಂದೂ ಹೆದರಿದ್ದು ಅದೇ ಮೊದಲು.

ಚೀಲದ ಅಡಿಯಲ್ಲಿ ಮೋರ್ಸ್ ಕೀ ಇತ್ತು. ಕುಟ್ಟಿದರೆ ಟಿಕ್ ಎನ್ನುವ ಪುಟ್ಟ ಹಿತ್ತಾಳೆಯ ವಸ್ತು. ನಮ್ಮ ತರಬೇತಿಯಲ್ಲಿ ಅಕ್ಷರಗಳನ್ನು ಚುಕ್ಕೆ-ಗೆರೆಗಳಾಗಿ ಬಡಿಯುವುದನ್ನು ಕಲಿಸಿದ್ದರು. ಇಲಾಖೆ ಅದನ್ನು ಯಾವಾಗಲೋ ಕೈಬಿಟ್ಟಿತು. ಮನೆಯಲ್ಲಿ ಹೊತ್ತು ಹೋಗದಾಗ ಮಾತ್ರ ಕುಟ್ಟುತ್ತಿದ್ದೆ. ಅದನ್ನು ಸಿಕ್ಕಿಸಿ, ತೊಡೆಯ ಮೇಲಿಟ್ಟುಕೊಂಡು ಕಳಿಸಿದೆ. ಆನೆ ಹತ್ತಿರ ಇದೆ. ಮಾತಾಡಲಾಗದು.

ಈ ಸಲ ಅವರ ದನಿ ಬದಲಾಗಿತ್ತು.

“ಅರ್ಥವಾಯ್ತು ತಾಯಿ. ನಿಧಾನಕ್ಕೆ ಕಳಿಸಿ, ನನಗೂ ಅಭ್ಯಾಸ ತಪ್ಪಿದೆ. ನೀವು ಬರೀ ಕುಟ್ಟಿ, ನಾನು ಮಾತಾಡ್ತೀನಿ. ಎಲ್ಲಿದ್ದೀರಿ?”

ಹಳ್ಳದ ಹೆಸರು ಕಳಿಸಿದೆ. ವಾಚರ್ ಮಾದಯ್ಯ, ಕಾಲು ಮುರಿದಿದೆ, ರಕ್ತ ಹೋಗುತ್ತಿದೆ ಎಂದು ಕಳಿಸಿದೆ. ಕನಕಪುರದ ಅರಣ್ಯ ಕಚೇರಿಗೆ ಫೋನು ಮಾಡಿ ಎಂದೆ. ಎರಡು ಸಲ ಅಕ್ಷರ ತಪ್ಪಿದೆ, ಎರಡು ಸಲವೂ ಅವರು ತಾಳ್ಮೆಯಿಂದ ಮತ್ತೆ ಕೇಳಿದರು. ಪೂರ್ತಿ ಓದಿ ಹೇಳಿ, “ಫೋನು ಮಾಡಿ ಬಂದು ಹೇಳ್ತೀನಿ. ಇಲ್ಲೇ ಕೇಳ್ತಾ ಇರಿ,” ಎಂದು ಎದ್ದು ಹೋದರು.

ಅವರು ವಾಪಸು ಬರುವುದಕ್ಕೆ ಮೊದಲು ಆನೆ ತಂತಿಯ ಹತ್ತಿರ ಬಂತು.

ಬಂಡೆಯ ಸಂದಿಯಿಂದ ನಮಗೆ ಕಾಣುತ್ತಿದ್ದದ್ದು ಗಿಡದ ಕವಲಿನಲ್ಲಿದ್ದ ನಡುಭಾಗ ಮಾತ್ರ. ಅದು ಮೆಲ್ಲಗೆ ಮೇಲಕ್ಕೆ ಎದ್ದಿತು, ಯಾರೋ ಆ ತುದಿಯನ್ನು ಎತ್ತಿ ನೋಡುತ್ತಿರುವಂತೆ. ಕೆಳಗಿಳಿಯಿತು. ಮತ್ತೆ ಎದ್ದಿತು. ಆಮೇಲೆ ಗಿಡವೇ ಬಾಗಿತು, ತಂತಿ ಬಿಗಿದು ಸಿಡಿಯಿತು, ನಡುಭಾಗ ನೆಲಕ್ಕೆ ಬಿತ್ತು. ನನ್ನ ಕಿವಿಯಲ್ಲಿದ್ದ ಗದ್ದಲವೆಲ್ಲ ಒಮ್ಮೆಗೇ ಸತ್ತಂತಾಯಿತು.

ಅವರು ಫೋನು ಮಾಡಿದರೋ, ಆ ಕಡೆ ಎತ್ತಿದರೋ, ಯಾರಾದರೂ ಹೊರಟರೋ, ತಿಳಿಯುವ ದಾರಿ ಹೋಯಿತು. ಕಾವ್ಯ ನನ್ನನ್ನು ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಮಾದಯ್ಯನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ದುಪಟ್ಟಾದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅವನು ಕಣ್ಣು ತೆರೆಯುವುದು ನಿಂತುಹೋಗಿತ್ತು.

ನನ್ನ ಕೈ ಮಾತ್ರ ನಿಲ್ಲಲಿಲ್ಲ. ಬ್ಯಾಟರಿ ಉಳಿಯಲೆಂದು ಕೀಯ ಪಿನ್ನು ಕಿತ್ತಿಟ್ಟೆ, ರೇಡಿಯೊ ಆರಿಸಿದೆ, ಆದರೂ ಬೆರಳು ಕುಟ್ಟುತ್ತಲೇ ಇತ್ತು. ಅದನ್ನೇ ಮತ್ತೆ ಮತ್ತೆ. ಮಾದಯ್ಯ, ಕಾಲು, ರಕ್ತ, ಹಳ್ಳ. ನಿಲ್ಲಿಸಿದರೆ ಕಿರುಚಿಬಿಡುತ್ತೇನೆ ಅನ್ನಿಸಿತ್ತು. ಬಂಡೆಯ ಬಾಯಿಯಲ್ಲಿ ಬೆಳಕು ಒಮ್ಮೆ ಮುಚ್ಚಿತು. ಬೂದುಬಣ್ಣದ ಚರ್ಮ, ಮಣ್ಣು ಮೆತ್ತಿದ್ದು, ಕೈಗೆಟುಕುವಷ್ಟು ಹತ್ತಿರದಲ್ಲಿ ಹಾದು ಹೋಯಿತು. ಮತ್ತೆ ತಿರುಗಿ ಬಂತು. ಉಸಿರಿನ ಬಿಸಿ ಒಳಗೆ ಬಂತು. ಕಾವ್ಯ ಕಣ್ಣು ಮುಚ್ಚಿದಳು. ನನಗೆ ಮುಚ್ಚಲಾಗಲಿಲ್ಲ. ಬೆರಳು ಅದರ ಪಾಡಿಗೆ ಟಿಕ್ ಟಿಕ್ ಎನ್ನುತ್ತಿತ್ತು.

ಬಿಸಿಲು ಹಳದಿಯಾಗುವ ಹೊತ್ತಿಗೆ ಹಳ್ಳದ ಕೆಳಗಿನಿಂದ ಪಟಾಕಿ ಸದ್ದು ಬಂತು, ಅದರ ಹಿಂದೆ ಜೀಪಿನ ಸದ್ದು, ಜನರ ಕೂಗು. ಸಲಗ ಗುಡ್ಡದ ಕಡೆಗೆ ತಿರುಗಿ ಹೋಯಿತು. ಮೈಸೂರಿನಿಂದ ಕಚೇರಿಗೆ ಫೋನು ಬಂದಿತ್ತು. ಕಚೇರಿಯವರು ಜೀಪು ಓಡಿಸಿ ಗುಡ್ಡದ ಆಚೆಗಿದ್ದ ತಂಡಕ್ಕೆ ಸುದ್ದಿ ಮುಟ್ಟಿಸಿದ್ದರು. ಮಾದಯ್ಯನನ್ನು ಕಂಬಳಿಯಲ್ಲಿ ಎತ್ತಿ ಜೀಪಿಗೆ ಹಾಕಿದಾಗ ಅವನ ಕೈ ತಣ್ಣಗಿತ್ತು, ಆದರೆ ನಾಡಿ ಸಿಕ್ಕಿತು. ಹೊರಡುವ ಮೊದಲು ಕಾವ್ಯ ಉಳಿದ ತಂತಿಯನ್ನು ಹುಡುಕಿ ಗುಡ್ಡೆ ಮಾಡಿ ತಂದಳು. ಒಂದು ಕೈ ಪೂರ್ತಿ ಇತ್ತು. ಇನ್ನೊಂದರ ಅರ್ಧ ಎಲ್ಲಿ ಹೋಯಿತೋ ಸಿಗಲಿಲ್ಲ.

ಕನಕಪುರದ ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದಾಗ ಕಾಲಿಗೆ ರಾಡು ಹಾಕಿ ಮೇಲಕ್ಕೆ ಎತ್ತಿ ಕಟ್ಟಿದ್ದರು. ನಮ್ಮನ್ನು ನೋಡಿ ಎದ್ದು ಕೂರಲು ಹೋದ. ಕಾವ್ಯ ತಡೆದಳು. ಕಿತ್ತಳೆ ಹಣ್ಣು ಬಿಡಿಸಿ ಕೊಟ್ಟಳು. ಅವನು ತಿನ್ನದೆ ಕೈಯಲ್ಲೇ ಹಿಡಿದುಕೊಂಡ.

“ಅಕ್ಕ, ಕಣ್ ಬುಡಕ್ಕಾಯ್ತಿರ್ಲಿಲ್ಲ ಕಣಕ್ಕ,” ಎಂದ. “ಆನೆ ಬಂದ್ದೂ ಗೊತ್ತಿಲ್ಲ, ಹೋದ್ದೂ ಗೊತ್ತಿಲ್ಲ. ಟಿಕ್ ಟಿಕ್ ಅಂತಿತ್ತಲ್ಲ, ಅದೊಂದೇ ಕೇಳ್ತಿದ್ದದ್ದು. ಅಕ್ಕ ಯಾರ್ಗೋ ನನ್ ಇಸ್ಯ ಯೋಳ್ತಾ ಅವ್ರೆ. ಯೋಳಿ ಮುಗಿಯಾಗಂಟ ನಾನಿರ್ಬೇಕು ಅನ್ಕಂಡು ಇಡ್ಕಂಡಿದ್ದೆ.”

ಕಾವ್ಯ ನನ್ನ ಕಡೆ ನೋಡಿದಳು. ತಂತಿ ಬಿದ್ದದ್ದು ಅವಳಿಗೆ ಗೊತ್ತಿತ್ತು. ಪಿನ್ನು ಕಿತ್ತಿಟ್ಟದ್ದನ್ನೂ ನೋಡಿದ್ದಳು.

“ಅಷ್ಟೊತ್ತು ಯೋಳುದ್ರಲ್ಲ ಅಕ್ಕ,” ಎಂದ ಮಾದಯ್ಯ. “ಅಷ್ಟುದ್ದ ಏನಿತ್ತು ನನ್ ಇಸ್ಯ?”

“ಬಾಳ ಇತ್ತು ಕಣಪ್ಪ,” ಎಂದೆ. “ತಿನ್ನು.”